ಮೇಜಿನ ಕೆಳಗೆ

ಕುತೈಸಿಯಲ್ಲಿ, ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ
ಊಟ ಮುಗಿದು ಇನ್ನೂ ಎತ್ತದ ತಟ್ಟೆಗಳು.
ಹುಳಿ ಪ್ಲಮ್ಮಿನ ಗೊಜ್ಜು ಅಂಚಿಗೆ ಒಣಗಿದೆ.
ಮಾಲ್ಖಾಜ್ ಕೂತಿದ್ದಾನೆ. ಅವನ ಲಾರಿ ಪೋತಿ ಬಂದರಿನಲ್ಲಿ
ಕೆಟ್ಟು ನಿಂತು ಇಂದಿಗೆ ಒಂಬತ್ತು ದಿನ.
ಹೊರಗೆ, ಎದುರು ಕಟ್ಟಡದವರೆಗೂ ಎಳೆದ ಬಟ್ಟೆತಂತಿ;
ಮಾಕ್ವಾಲಾ ಜಗ್ಗಿದಾಗಲೆಲ್ಲ ರಾಟೆ ಕಿರುಗುಟ್ಟುತ್ತದೆ,
ಒಂದು ಅಂಗಿ ಮುಂದೆ, ಇನ್ನೊಂದು ಅಂಗಿ ಮುಂದೆ.

ಮೇಜಿನ ಕೆಳಗೆ ತೆಕ್ಲೆ.
ನಾಲ್ಕೂವರೆ ವರುಷ. ಅಮ್ಮನ ಬುಟ್ಟಿಯಿಂದ ಕದ್ದ
ಮರದ ಕ್ಲಿಪ್ಪುಗಳು ಮೂರು.
ಉದ್ದದ್ದು ಅಪ್ಪ. ಸ್ಪ್ರಿಂಗು ಸಡಿಲವಾದದ್ದು ಅಮ್ಮ.
ಮೂರನೆಯದಕ್ಕೆ ಹೆಸರಿಲ್ಲ,
ಅದು ಸುಮ್ಮನೆ ಇರುವುದು.

"ಎಷ್ಟು ಸಲ ಹೇಳಬೇಕು ನಿನಗೆ?
ಎಷ್ಟು ಸಲ, ಹಾಂ, ಎಷ್ಟು ಸಲ?"
ಟಕ್ ಅಂತ ನೆಲಕ್ಕೆ ಬಡಿಯಿತು ಉದ್ದ ಕ್ಲಿಪ್ಪು.
"ಉಪ್ಪೆಲ್ಲಿ? ಈ ಮನೆಗೆ ನಾನೊಬ್ಬ ಕತ್ತೆ,
ಕತ್ತೆಗಾದರೂ ಉಪ್ಪು ನೆಕ್ಕಿಸ್ತಾರೆ!"
ಟಕ್. ಟಕ್.
ಆಮೇಲೆ ಸ್ವಲ್ಪ ಬಿಡುವು.
ಆಮೇಲೆ ಒಂದು ಕೆಮ್ಮು.

ಮಾತು ಅವನಿಗೆ ಗುರುತಾಗಿರಲಿಲ್ಲ.
ಮಾತು ಯಾರದಾದರೂ ಆಗಬಹುದು,
ನೆರೆಯವನದು, ಟೀವಿಯದು,
ಸಂತೆಯಲ್ಲಿ ಚೀಸು ಮಾರುವ ಮುದುಕನದು.
ಕೆಮ್ಮು ಮಾತ್ರ ತನ್ನದೇ.
ಕೂಗಾಡಿದ ಮೇಲೆ ಗಂಟಲು ಸರಿಮಾಡಿಕೊಳ್ಳುವ,
ಏನೂ ಆಗಲೇ ಇಲ್ಲವೆಂಬಂತೆ ಮುಗಿಸಿಬಿಡುವ
ಒಣ, ಗಿಡ್ಡ ಕೆಮ್ಮು.
ತನಗೆ ಹಾಗೊಂದು ಕೆಮ್ಮಿದೆಯೆಂದು
ಇಷ್ಟು ವರುಷ ಅವನಿಗೆ ಗೊತ್ತೇ ಇರಲಿಲ್ಲ.

ಹೊಡೆದವನಲ್ಲ ಅವನು. ಇದನ್ನು ಎಲ್ಲರೆದುರೂ ಹೇಳುತ್ತಾನೆ,
ದ್ರಾಕ್ಷಾರಸದ ಲೋಟ ಎತ್ತಿ ಹಿಡಿದು:
ನಮ್ಮಪ್ಪ ಸೆವೆರಿಯಾನ್ ಸೊಂಟದ ಬೆಲ್ಟು ಬಿಚ್ಚುತ್ತಿದ್ದ,
ನಾನು ಮಗುವಿಗೆ ಒಂದು ಬೆರಳು ತಾಗಿಸಿಲ್ಲ.
ನಿಜ. ಮೇಜಿಗೆ ಹೊಡೆದಿದ್ದಾನೆ. ಬಾಗಿಲಿಗೆ ಹೊಡೆದಿದ್ದಾನೆ.
ಒಮ್ಮೆ ಗೋಡೆಗೆ; ಅಲ್ಲೀಗ ಕ್ಯಾಲೆಂಡರು ತೂಗುತ್ತದೆ.
ಕ್ಯಾಲೆಂಡರಿನ ಹಿಂದೆ ಏನಿದೆಯೆಂದು ತೆಕ್ಲೆಗೆ ಗೊತ್ತು.
ಕುರ್ಚಿ ಹತ್ತಿ ಬೆರಳು ಹಾಕಿ ನೋಡಿದ್ದಾಳೆ:
ಎರಡು ಗೆಣ್ಣು ಆಳ.

ನಡಿಗೆ ಕಲಿಸಲು ಅವನು ಬೆನ್ನು ಬಗ್ಗಿಸಿದ್ದ,
ಈ ಕೋಣೆಯಿಂದ ಆ ಕೋಣೆಗೆ, ಇಡೀ ಒಂದು ಚಳಿಗಾಲ.
ಶೂ ಲೇಸು ಕಟ್ಟಲು ಕಲಿಸಹೋಗಿ ಸೋತಿದ್ದ.
ಇದನ್ನು ಯಾರೂ ಕಲಿಸಲಿಲ್ಲ.
ಹೇಳಿದ್ದನ್ನು ಬಿಟ್ಟಳು, ಕಂಡದ್ದನ್ನು ಉಂಡಳು,
ಒಂದೇ ಸಲಕ್ಕೆ ಬಾಯಿಪಾಠ,
ಬಿಡುವೂ ಸೇರಿ.

ಆ ನಾಡಿನಲ್ಲಿ ಅಪ್ಪನನ್ನು ಕರೆಯುವುದು ಮಾಮಾ ಎಂದು.
ಮುದ್ದು ಬಂದಾಗ ಅಪ್ಪನೂ ತನ್ನ ಆ ಹೆಸರನ್ನೇ ಬಿಚ್ಚಿ
ಮಗುವಿಗೆ ತೊಡಿಸುತ್ತಾನೆ:
ಮಾಮಿಕೋ, ಬಾ. ಮಾಮಿಕೋ, ಇನ್ನೊಂದು ತುತ್ತು.
ಹಾಗೇಕೆಂದು ಯಾರೂ ಕೇಳುವುದಿಲ್ಲ, ಬಳಕೆ.
ಇಂದು ಮೊದಲ ಸಲ ಮಾಲ್ಖಾಜ್ ಕೇಳಿಕೊಂಡ,
ಏನೇನು ತೊಡಿಸಿದೆ ನಾನು, ಅಳತೆ ನೋಡದೆ?

"ಸಾಕು, ನಿಲ್ಲಿಸು!" ನಾಲಿಗೆಯ ತುದಿಗೆ ಬಂದಿತ್ತು.
ಕೈ ಆಗಲೇ ಮೇಲೆದ್ದಿತ್ತು.
ತಟ್ಟೆಗಳು ಕಾದವು. ಅವಕ್ಕೆ ಅಭ್ಯಾಸ.
ಎತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ
ಬ್ರೆಡ್ಡಿನ ಮೇಲಿನ ಬಟ್ಟೆ ಸರಿಸಿದ.
ಅಲ್ಲಿತ್ತು ಉಪ್ಪಿನ ಬಟ್ಟಲು.
ಯಾವಾಗಲೂ ಅಲ್ಲೇ ಇತ್ತೋ ಏನೋ.

ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು.
ತಡೆದ. ತಡೆದಷ್ಟೂ ಕೆರೆಯಿತು.
ಕೊನೆಗೆ ಕೆಮ್ಮಿದ,
ಒಣ, ಗಿಡ್ಡ.

ಕೆಳಗೆ ಸದ್ದು ನಿಂತಿತು.
ಹೊರಗೆ ರಾಟೆಯೂ ನಿಂತಿತು,
ಒದ್ದೆ ಅಂಗಿ ಹಿಡಿದವಳು ಒಳಕ್ಕೆ ಕಿವಿಗೊಟ್ಟಿರಬೇಕು.
ಆಗ ಮೂರನೆಯ ಕ್ಲಿಪ್ಪು, ಹೆಸರಿಲ್ಲದ್ದು,
ಮೆಲ್ಲಗೆ ತೆವಳಿ ಬಂದು
ಅವನ ಚಪ್ಪಲಿಯ ಹಿಂದೆ ಅವಿತುಕೊಂಡಿತು,
ಉದ್ದದ್ದರ ಕಣ್ಣಿಗೆ ಬೀಳದ ಹಾಗೆ.

ಅವನು ಕಾಲು ಅಲುಗಿಸಲಿಲ್ಲ.